ಎಳೆದರೆ ಹಿಗ್ಗುವ ಬ್ಯಾಟರಿ ಮತ್ತು ಪುಷ್ಪಳ ಸೊಂಟ

ನಮ್ಮ ಪೇಟೆಯಲ್ಲಿ ನನ್ನನ್ನು ಎಲ್ಲರೂ ‘ಬ್ಯಾಟರಿ ವಸಂತ’ ಎಂದು ಕರೆಯುತ್ತಾರೆ. ಹೊಸಬರು ಕೇಳಿದರೆ ಯಾರೋ ಸಂಶೋಧನೆ ಮಾಡಿದ ಮಹನೀಯರಿರಬೇಕು ಎಂದುಕೊಂಡು ಕೈ ಮುಗಿಯುವುದೂ ಉಂಟು. ನಾನು ತಡೆಯುವುದಿಲ್ಲ. ನಿಜ ಸಂಗತಿ ಗೊತ್ತಾಗುವ ತನಕವಾದರೂ ಮುಗಿದಿರಲಿ ಎಂಬುದು ನನ್ನ ಸಣ್ಣ ಆಸೆ.

ನನ್ನ ಅಂಗಡಿ ಇರುವುದು ಕೊಡಗಿನ ಚೆಟ್ಟಳ್ಳಿಗೆ ಹೋಗುವ ದಾರಿಯ ಒಂದು ಪುಟ್ಟ ಪೇಟೆಯಲ್ಲಿ. ಸುಟ್ಟುಹೋದ ಮೋಟಾರಿಗೆ ಹೊಸ ತಂತಿ ಸುತ್ತಿ ಜೀವ ಕೊಡುವುದು ನನ್ನ ಕಸುಬು. ಎಸ್ಟೇಟಿನವರ ಪಂಪ್‌ಸೆಟ್ಟು, ಮನೆಯವರ ಮಿಕ್ಸಿ, ಹೋಟೆಲಿನವರ ಗ್ರೈಂಡರು, ಎಲ್ಲವೂ ನನ್ನ ಕೈಯಿಂದ ಹಾದು ಹೋಗಿವೆ. ಹೀಗಾಗಿ ಕರೆಂಟಿನ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ ಎಂಬ ಬಲವಾದ ನಂಬಿಕೆ ನನಗಿತ್ತು. ನನ್ನ ಹೆಂಡತಿ ಪುಷ್ಪಳಿಗೆ ಮಾತ್ರ ಈ ನಂಬಿಕೆ ಯಾವತ್ತೂ ಇರಲಿಲ್ಲ.

ಪುಷ್ಪ ನಮ್ಮ ಪೇಟೆಯ ಮಹಿಳಾ ಸಂಘದ ಹಗ್ಗಜಗ್ಗಾಟದ ತಂಡದಲ್ಲಿ ಹಗ್ಗದ ಕೊನೆಗೆ ನಿಲ್ಲುವವಳು. ಅದು ಸುಮ್ಮನೆ ಸಿಗುವ ಜಾಗವಲ್ಲ. ಮುಂದಿನ ಏಳು ಜನ ಎಳೆಯುತ್ತಾರೆ, ಕೊನೆಯವಳು ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಹಿಮ್ಮಡಿ ಊರಿ ನಿಲ್ಲುತ್ತಾಳೆ. ಅವಳು ಅಲ್ಲಾಡಿದರೆ ಎಲ್ಲರೂ ಹೋದಂತೆ. ಹೋದ ವರ್ಷ ಫೈನಲ್ಲಿನಲ್ಲಿ ಆದದ್ದೇ ಅದು. ಎದುರಿಗೆ ಎಸ್ಟೇಟ್ ಲೈನಿನ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳ ತಂಡ. ಗೆಲ್ಲುವುದಕ್ಕೆ ಒಂದು ಗೇಣು ಇದೆ ಎನ್ನುವಾಗ ಪುಷ್ಪಳ ಸೊಂಟ ಹಿಡಿದುಕೊಂಡಿತು, ಹಗ್ಗ ಹೋಯಿತು.

ಮನೆಗೆ ಬಂದು ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅತ್ತಳು. ಪುಷ್ಪ ಅಳುವವಳಲ್ಲ, ಸಾಮಾನ್ಯವಾಗಿ ಬೇರೆಯವರನ್ನು ಆ ಸ್ಥಿತಿಗೆ ತರುವವಳು. ನಾನು ಹೊರಗೆ ನಿಂತು ಕೇಳಿಸಿಕೊಂಡೆ. ಆಮೇಲೆ ತಿಂಗಳುಗಟ್ಟಲೆ, ಅನ್ನ ಬಡಿಸುವಾಗ, ಬಟ್ಟೆ ಮಡಚುವಾಗ, ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ಹೇಳುತ್ತಿದ್ದಳು, “ನಾನು ಹಿಡ್ದೇ ಇದ್ದೆ ರೀ. ಸೊಂಟ ಬಿಡ್ತು.”

ಈ ವರ್ಷದ ಪಂದ್ಯ ಹತ್ತಿರವಾಗುತ್ತಿದ್ದಂತೆ ತಂಡದ ನಾಯಕಿ ಲೀಲಕ್ಕ ಮನೆಗೆ ಬಂದರು. ಹಾಲಿನ ಡೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಅವರಿಗೆ ಸುತ್ತಿ ಬಳಸಿ ಮಾತಾಡುವ ಅಭ್ಯಾಸವಿಲ್ಲ.

“ಪುಷ್ಪ, ಸೊಂಟ ಹೇಗುಂಟು?”

“ಪರ್ವಾಗಿಲ್ಲ ಲೀಲಕ್ಕ.”

“ಪರ್ವಾಗಿಲ್ಲ ಅಂದ್ರೆ ಸಾಲದು ಮಾರಾಯ್ತಿ. ಭಾನುವಾರದೊಳಗೆ ಸರಿ ಆಗ್ಲಿಲ್ಲಾಂದ್ರೆ ಕೊನೆಗೆ ರೀಟಾನ ನಿಲ್ಲಿಸ್ತೇನೆ.”

ರೀಟಾ ಎಂದರೆ ಕೋಳಿ ಅಂಗಡಿಯ ರೀಟಾ. ಒಳ್ಳೆಯ ಹೆಂಗಸು, ಗಟ್ಟಿ ಆಳು. ಆದರೆ ಪುಷ್ಪಳ ಜಾಗದಲ್ಲಿ ರೀಟಾ ನಿಲ್ಲುವುದೆಂದರೆ ನಮ್ಮ ಮನೆಯಲ್ಲಿ ಮುಂದಿನ ವರ್ಷದವರೆಗೆ ಕೋಳಿ ಸಾರು ನಿಂತ ಹಾಗೆ. ನಾನು ಕಾರ್ಯಪ್ರವೃತ್ತನಾಗಲೇಬೇಕಾಯಿತು.

ಮಡಿಕೇರಿಯ ಡಾಕ್ಟರು ಪರೀಕ್ಷೆ ಮಾಡಿ, ಮೂಳೆಯಲ್ಲಿ ತೊಂದರೆ ಏನಿಲ್ಲ, ಸ್ನಾಯು ಹಿಡಿಯುತ್ತದೆ, ಸೊಂಟ ಬೆಚ್ಚಗಿಟ್ಟುಕೊಳ್ಳಿ ಎಂದರು. ಬಿಸಿನೀರಿನ ಚೀಲ ಕಟ್ಟಿಕೊಂಡು ಹಗ್ಗ ಎಳೆದರೆ ಒಡೆಯುತ್ತದೆ. ಮೆಡಿಕಲ್ ಅಂಗಡಿಯ ಬಿಸಿ ಬೆಲ್ಟಿಗೆ ಪ್ಲಗ್ಗು ಬೇಕು. ಮೈದಾನದ ನಡುವೆ ಹೆಂಡತಿಯನ್ನು ಪ್ಲಗ್ಗಿಗೆ ಹಾಕಿ ನಿಲ್ಲಿಸುವುದು ನೋಡಲಿಕ್ಕೂ ಚೆನ್ನಾಗಿರುವುದಿಲ್ಲ.

ಆಗ ನನ್ನ ಫೋನಿನಲ್ಲಿ ಒಂದು ಲೇಖನ ಕಣ್ಣಿಗೆ ಬಿತ್ತು. ಮೈಗೆ ತೊಡುವ ಸಾಧನಗಳಿಗಾಗಿ ಎಳೆದರೂ ಹರಿಯದ, ಬಗ್ಗಿಸಿದರೂ ಮುರಿಯದ, ರಬ್ಬರಿನಂತೆ ಹಿಗ್ಗಿ ಕುಗ್ಗುವ ಬ್ಯಾಟರಿಯನ್ನು ವಿಜ್ಞಾನಿಗಳು ಮಾಡುತ್ತಿದ್ದಾರಂತೆ. ರಬ್ಬರನ್ನು ಮೊದಲೇ ಎಳೆದು ಹಿಡಿದು, ಅದರ ಮೇಲೆ ಇಂಗಾಲದ ತೆಳು ಪದರ ಬಳಿಯುವುದು. ಬಿಟ್ಟಾಗ ರಬ್ಬರು ಕುಗ್ಗಿ ಪದರ ನಿರಿಗೆ ನಿರಿಗೆಯಾಗುತ್ತದೆ. ಮತ್ತೆ ಎಳೆದರೆ ನಿರಿಗೆ ಬಿಚ್ಚಿಕೊಳ್ಳುತ್ತದೆಯೇ ಹೊರತು ಪದರ ಒಡೆಯುವುದಿಲ್ಲ. ಓದಿ ಮುಗಿಸುವಷ್ಟರಲ್ಲಿ ನಾನು ಅರ್ಧ ವಿಜ್ಞಾನಿಯಾಗಿದ್ದೆ. ಅಡುಗೆಮನೆಗೆ ಹೋಗಿ ಘೋಷಿಸಿದೆ.

“ಪುಷ್ಪಾ, ನಿಂಗೆ ಹಿಗ್ಗೋ ಬ್ಯಾಟರಿ ಮಾಡ್ಕೊಡ್ತೀನಿ.”

“ಹಿಗ್ಗಿದ್ರೆ ಏನಾಗುತ್ತೆ? ಬೆಳಕು ಉದ್ದ ಬೀಳುತ್ತಾ?”

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಬ್ಯಾಟರಿ ಎಂದರೆ ಟಾರ್ಚು. ಅದರ ಹೊಟ್ಟೆಗೆ ಹಾಕುವುದು ಶೆಲ್ಲು. ಸಂಜೆ ಮನೆಯಿಂದ ಹೊರಡುವವರನ್ನು “ಬ್ಯಾಟರಿ ತಗೊಂಡ್ಯಾ?” ಎಂದು ಕೇಳದೆ ಯಾರೂ ಕಳಿಸುವುದಿಲ್ಲ. ತೋಟದಲ್ಲಿ ಆನೆ ಇರಬಹುದು. ದೂರದಲ್ಲಿದ್ದರೆ ಬ್ಯಾಟರಿ ಬೇಕು. ತೀರಾ ಎದುರಿಗೇ ಸಿಕ್ಕರೆ ಮಾತ್ರ ಬೆಳಕು ಅದರ ಕಣ್ಣಿಗೆ ಬೀಳಬಾರದು, ತಕ್ಷಣ ಆರಿಸಬೇಕು. ಕರೆಂಟಿನ ಕಸುಬಿನವನಾದ ನಾನೂ ಮನೆಯಲ್ಲಿ ಟಾರ್ಚಿಗೆ ಬ್ಯಾಟರಿ ಎಂದೇ ಹೇಳುವವನು.

“ಟಾರ್ಚಲ್ಲ ಕಣೇ. ಶೆಲ್ಲು, ಶೆಲ್ಲು. ಬೆಲ್ಟಿನೊಳಗೇ ಶೆಲ್ಲು ಇರುತ್ತೆ, ನೀನು ಎಳೆದಾಗ ಅದೂ ಹಿಗ್ಗುತ್ತೆ. ನಿನ್ನ ಸೀರೆ ನಿರಿಗೆ ಇದ್ದಂಗೆ.”

“ನಿರಿಗೆ ಮುಂದೋ ಹಿಂದೋ?”

ಪುಷ್ಪ ಕೊಡಗಿನ ಹೆಣ್ಣು. ಮನೆಯಲ್ಲಿ ಚೂಡಿದಾರ ತೊಟ್ಟರೂ, ಸಮಾರಂಭವೆಂದರೆ ನಿರಿಗೆಯನ್ನು ಹಿಂದಕ್ಕೆ ಸಿಕ್ಕಿಸಿ ಉಡುವ ಕೊಡಗಿನ ಸೀರೆಯೇ ಆಗಬೇಕು. ಜಿಲ್ಲೆಯ ಗಡಿಯಂಚಿನ ಕೊಡ್ಲಿಪೇಟೆಯ ನಮ್ಮಮ್ಮ ಬೇರೆಲ್ಲರಂತೆ ನಿರಿಗೆ ಮುಂದೆ ಉಡುವವಳು. ಈ ಹಿಂದು ಮುಂದಿನ ತಮಾಷೆ ನಮ್ಮ ಮದುವೆಯಷ್ಟೇ ಹಳೆಯದು. ನಾನು ಗಂಭೀರನಾಗಿ, “ವಿಜ್ಞಾನಕ್ಕೆ ಹಿಂದೆ ಮುಂದೆ ಇಲ್ಲ,” ಎಂದೆ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಪುಷ್ಪ ಇಟ್ಟುಕೊಂಡಿದ್ದಾಳೆ.

ಮರುದಿನವೇ ಪ್ರಯೋಗ ಶುರುವಾಯಿತು. ಹಳೆಯ ಶೆಲ್ಲುಗಳನ್ನು ಒಡೆದು ಒಳಗಿನ ಕಪ್ಪು ಪುಡಿ ತೆಗೆದೆ. ಅದಕ್ಕೆ ಗಂಜಿ, ಉಪ್ಪು ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ಕಲಸಿದೆ. ಸೈಕಲ್ ಟ್ಯೂಬನ್ನು ಸೀಳಿ, ಹಜಾರದ ಒಂದು ಮೊಳೆಯಿಂದ ಇನ್ನೊಂದು ಮೊಳೆಗೆ ಬಿಗಿಯಾಗಿ ಎಳೆದು ಕಟ್ಟಿದೆ. ಅದರ ಮೇಲೆ ಕಪ್ಪು ಹಿಟ್ಟನ್ನು ಬಣ್ಣದ ಬ್ರಷ್ಷಿನಿಂದ ನುಣ್ಣಗೆ ಬಳಿದೆ. ಒಣಗಲಿಕ್ಕೆ ಬಿಟ್ಟು ಕಾಫಿ ಕುಡಿಯುತ್ತ ಕುಳಿತೆ. ಬೆಂಗಳೂರಿನ ಯಾವುದೋ ಪ್ರಯೋಗಾಲಯದಲ್ಲಿ ಬಿಳಿ ಕೋಟು ತೊಟ್ಟವರು ಇದೇ ಹೊತ್ತಿಗೆ ಇದನ್ನೇ ಮಾಡುತ್ತಿರಬಹುದು ಎಂದು ಎಣಿಸಿ ಮನಸ್ಸು ತುಂಬಿ ಬಂತು. ನನಗೂ ಅವರಿಗೂ ಇದ್ದ ವ್ಯತ್ಯಾಸ ಕೋಟು ಮಾತ್ರ.

ಇನ್ನೊಂದು ವ್ಯತ್ಯಾಸವೂ ಇತ್ತು, ಮೊಳೆ. ಅವರ ಮೊಳೆ ಗಟ್ಟಿಯಿರಬೇಕು. ನಮ್ಮ ಮನೆಯ ಗೋಡೆ ಮಳೆಗಾಲದಲ್ಲಿ ನೆನೆದಿತ್ತು. ಪುಷ್ಪಳ ಸೊಂಟ ಈಗ ಹೇಗಿದೆ ಎಂದು ವಿಚಾರಿಸಲು ಲೀಲಕ್ಕ ಬಾಗಿಲಲ್ಲಿ ಕಾಲಿಟ್ಟ ಗಳಿಗೆಯಲ್ಲೇ ಮೊಳೆ ಕಿತ್ತು ಬಂತು. ಟ್ಯೂಬು ಸುಯ್ಯೆಂದು ಹಾರಿತು. ಒಣಗದ ಇಂಗಾಲವೆಲ್ಲ ಗೋಡೆ, ಸೋಫಾ, ಕ್ಯಾಲೆಂಡರಿನ ಲಕ್ಷ್ಮಿ ಮತ್ತು ಲೀಲಕ್ಕನ ಮುಖದ ಮೇಲೆ ಸಮನಾಗಿ ಹಂಚಿಕೆಯಾಯಿತು.

ಲೀಲಕ್ಕ ಕಣ್ಣು ಮಾತ್ರ ಒರೆಸಿಕೊಂಡರು.

“ಎಂಥ ಮಾರಾಯ ಇದು?”

“ಬ್ಯಾಟರಿ ಲೀಲಕ್ಕ.”

“ಓ. ಬ್ಯಾಟರಿ ಮಾಡ್ತಿರೋದು ಅಂತ ಒಂದು ಬೋರ್ಡ್ ಹಾಕು. ಬರೋರಿಗೆ ಗೊತ್ತಾಗ್ಲಿ,” ಎಂದು ಪುಷ್ಪಳ ಕಡೆ ತಿರುಗಿ, “ರೀಟಾ ಪ್ರಾಕ್ಟೀಸಿಗೆ ಬರ್ತಿದ್ದಾಳೆ,” ಎಂದಷ್ಟೇ ಹೇಳಿ ಹೋದರು.

ಪುಷ್ಪ ಬೈಯಲಿಲ್ಲ. ಗೋಡೆ ಒರೆಸುತ್ತ, “ಸಾಕು ಬಿಡಿ. ರೀಟಾನೇ ನಿಲ್ಲಲಿ,” ಎಂದಳು. ಬೈದಿದ್ದರೆ ಅಲ್ಲಿಗೇ ಬಿಡುತ್ತಿದ್ದೆ. ಹಾಗೆ ಸೋತ ದನಿಯಲ್ಲಿ ಹೇಳಿದ್ದಕ್ಕೆ ನನ್ನ ಛಲ ಇಮ್ಮಡಿಯಾಯಿತು.

ಲೇಖನವನ್ನು ಮತ್ತೆ ಓದಿದೆ. ಅದರಲ್ಲಿ ಇನ್ನೊಂದು ಉಪಾಯವಿತ್ತು. ಶೆಲ್ಲು ಹಿಗ್ಗದಿದ್ದರೂ ನಡೆಯುತ್ತದೆ, ಪುಟ್ಟ ಪುಟ್ಟ ಶೆಲ್ಲುಗಳನ್ನು ದೂರ ದೂರ ಕೂರಿಸಿ, ನಡುವಿನ ತಂತಿಯನ್ನು ಹಾವಿನ ಹಾಗೆ ಅಂಕುಡೊಂಕು ಮಾಡಿದರೆ ಸಾಕು. ಎಳೆದಾಗ ತಂತಿ ನೆಟ್ಟಗಾಗುತ್ತದೆ, ಶೆಲ್ಲಿಗೆ ಏನೂ ಆಗುವುದಿಲ್ಲ. ತಂತಿ! ತಂತಿ ಸುತ್ತಿಯೇ ಬದುಕಿದವನು ನಾನು. ವಿಜ್ಞಾನ ತಾನಾಗಿ ನನ್ನ ಅಂಗಡಿಗೆ ಬಂದು ನಿಂತಿತ್ತು.

ಹಳೆಯ ಎಮರ್ಜೆನ್ಸಿ ಲೈಟುಗಳ ಸಣ್ಣ ಶೆಲ್ಲುಗಳು, ಕೆಟ್ಟುಹೋದ ಬಿಸಿ ಬೆಲ್ಟಿನ ಒಳಗಿನ ಕಾಯುವ ತಂತಿ, ಮೋಟಾರಿನ ತಾಮ್ರದ ತಂತಿ, ಅಗಲದ ಎಲಾಸ್ಟಿಕ್ಕು. ಎಲ್ಲವನ್ನೂ ಪುಷ್ಪಳ ಹೊಲಿಗೆ ಯಂತ್ರದಲ್ಲಿ ಸೇರಿಸಿ ಹೊಲಿದೆ. ನನ್ನ ಅಂಗಿಯ ತೋಳೂ ಜೊತೆಗೆ ಸೇರಿಕೊಂಡಿತು, ಅದನ್ನು ಕತ್ತರಿಸಿದೆ. ಕಾಯುವ ತಂತಿ ಬೆನ್ನಿಗೆ, ಸ್ವಿಚ್ಚೂ ಬೆನ್ನಿಗೆ, ಪಕ್ಕದಲ್ಲಿ ಒಂದು ಪುಟ್ಟ ಕೆಂಪು ಬಲ್ಬು. ಬಲ್ಬಿನ ಅಗತ್ಯವೇನೂ ಇರಲಿಲ್ಲ. ಕೆಂಪು ಬಲ್ಬಿಲ್ಲದ ಯಂತ್ರವನ್ನು ನಮ್ಮ ಗಿರಾಕಿಗಳು ನಂಬುವುದಿಲ್ಲ.

ಲುಂಗಿಯ ಮೇಲೆ ಅದನ್ನು ಕಟ್ಟಿಕೊಂಡು ಇಡೀ ದಿನ ಅಂಗಡಿಯಲ್ಲಿ ಓಡಾಡಿದೆ. ಬಗ್ಗಿದೆ, ಎದ್ದೆ, ಕಂಬ ಹಿಡಿದು ಜಗ್ಗಿದೆ. ಬೆಲ್ಟು ಹಿಗ್ಗಿತು, ಕುಗ್ಗಿತು, ಹಿತವಾಗಿ ಬೆಚ್ಚಗಿತ್ತು. ಸಂಜೆ ಪುಷ್ಪ ಕಟ್ಟಿಕೊಂಡು ನೋಡಿದಳು. ಎರಡು ಸಲ ಬಗ್ಗಿ ಎದ್ದು, “ರೀ, ಹಾಯಾಗಿದೆ,” ಎಂದಳು. ಮುಖ ಅರಳಿತ್ತು. ಮದುವೆಯಾದಾಗಿನಿಂದ ನನ್ನ ಕೆಲಸದ ಬಗ್ಗೆ ಅವಳು ಹೇಳಿದ ಒಳ್ಳೆಯ ಮಾತುಗಳಲ್ಲಿ ಇದೇ ಉದ್ದದ್ದು. ಪ್ರಾಕ್ಟೀಸಿಗೆ ಹೋಗಿ ಚೂಡಿದಾರದ ಮೇಲೆ ಬೆಲ್ಟು ಕಟ್ಟಿ ಎಳೆದು ಬಂದಳು. ರೀಟಾ ಬದಿಗೆ ಸರಿದಳು. ಜಾಗ ಉಳಿಯಿತು.

ಭಾನುವಾರ ಬೆಳಗಿನಿಂದ ಮಳೆ. ಶಾಲೆಯ ಮೈದಾನದಲ್ಲಿ ಪಂದ್ಯಗಳು ನಿಂತು ನಿಂತು ನಡೆದು, ಫೈನಲ್ಲಿನ ಹೊತ್ತಿಗೆ ಮುಸ್ಸಂಜೆಯಾಗಿತ್ತು. ಎದುರಿಗೆ ಮತ್ತೆ ಅದೇ ಎಸ್ಟೇಟ್ ಲೈನಿನ ತಂಡ. ಮೈದಾನದ ಮೂರು ಕಡೆ ಜನ, ಒಂದು ಕಡೆ ಕಾಫಿ ತೋಟ. ಬೆಳಕಿಗಾಗಿ ಎರಡು ಜೀಪುಗಳ ದೀಪ ಹಾಕಿದರು. ಜನರೂ ತಮ್ಮ ತಮ್ಮ ಟಾರ್ಚು ಹಿಡಿದು ನಿಂತರು.

ಫೈನಲ್ಲಿಗೆ ಎಲ್ಲರೂ ಒಂದೇ ಬಣ್ಣದ ಕೊಡಗಿನ ಸೀರೆ ಉಡಬೇಕೆಂದು ಲೀಲಕ್ಕನ ಅಪ್ಪಣೆಯಾಗಿತ್ತು. ಪುಷ್ಪ ದಪ್ಪ ಲಂಗದ ಮೇಲೆ ಬೆಲ್ಟು ಕಟ್ಟಿದಳು. ಅದರ ಮೇಲೆ ಸೀರೆ, ಬೆನ್ನಿಗೆ ಸರಿಯಾಗಿ ನಿರಿಗೆಯ ದೊಡ್ಡ ಗಂಟು, ಅದರ ಮೇಲೆ ಹಗ್ಗ. ಲುಂಗಿಯಲ್ಲಿ ಪರೀಕ್ಷೆ ಮಾಡಿದ ನನಗೆ ಆ ನಿರಿಗೆಯ ಯೋಚನೆಯೇ ಬಂದಿರಲಿಲ್ಲ. ಕಾಯುವ ತಂತಿಯ ಮೇಲೆ ಹತ್ತು ಪದರದ ಕಂಬಳಿ ಹೊದಿಸಿ, ಮೇಲಿನಿಂದ ಹಗ್ಗದಲ್ಲಿ ಬಿಗಿದ ಹಾಗಾಗಿತ್ತು.

ಮೊದಲ ಎಳೆತ ನಮ್ಮದು. ನಾನು ಪಕ್ಕದವರಿಗೆಲ್ಲ, “ಅದು ಸೊಂಟದ ಬಲವಲ್ಲ, ವಿಜ್ಞಾನದ ಬಲ,” ಎಂದು ವಿವರಿಸಿದೆ. ಎರಡನೆಯದು ಲೈನಿನವರದು. ಮೂರನೆಯದಕ್ಕೆ ಪಿ.ಟಿ. ಮಾಸ್ಟರು ಸೀಟಿ ಊದಿದರು. ಎರಡೂ ಕಡೆ ಅಲ್ಲಾಡಲಿಲ್ಲ. ಪುಷ್ಪ ಹಿಂದಕ್ಕೆ ವಾಲಿ ನೆಲಕ್ಕೆ ಬೇರು ಬಿಟ್ಟವಳಂತೆ ನಿಂತಿದ್ದಳು. ಆದರೆ ಅವಳ ಮುಖ ಒಂದು ಥರ ಆಗತೊಡಗಿತು. ಹುಬ್ಬು ಮೇಲೆ ಹೋಯಿತು. ನನ್ನ ಕಡೆ ನೋಡಿದಳು. ಆ ನೋಟ ನನಗೆ ಚೆನ್ನಾಗಿ ಪರಿಚಯವಿತ್ತು, ಕುಕ್ಕರು ಕೂಗಿದಾಗ ನಾನು ಎದ್ದು ಹೋಗದಿದ್ದರೆ ನೋಡುವ ನೋಟ. ಅಷ್ಟರಲ್ಲಿ ಮೂಗಿಗೆ ಮೋಟಾರು ಸುಡುವ ವಾಸನೆ ಬಡಿಯಿತು. ಹಗ್ಗದ ಒತ್ತಡಕ್ಕೆ ತಾಮ್ರದ ತಂತಿಗಳು ಒಂದಕ್ಕೊಂದು ಉಜ್ಜಿ ಶಾರ್ಟ್ ಆಗಿದ್ದವು. ಹೆಂಡತಿ ಸುಟ್ಟುಹೋಗುತ್ತಿದ್ದಾಳೆ! ಮೈದಾನದೊಳಕ್ಕೆ ನುಗ್ಗಿ ಗಂಟಲು ಹರಿಯುವಂತೆ ಕೂಗಿದೆ.

“ಬ್ಯಾಟರಿ ಆಫ್ ಮಾಡು! ಬ್ಯಾಟರಿ ಆಫ್ ಮಾಡು!”

ಇಡೀ ಮೈದಾನ ಗಪ್‌ಚಿಪ್ ಆಯಿತು.

ನಮ್ಮ ಕಡೆ ಆ ಮಾತನ್ನು ಹಾಗೆ ಕೂಗುವುದು ಒಂದೇ ಒಂದು ಸಂದರ್ಭದಲ್ಲಿ. ನನಗೂ ಅದು ಗೊತ್ತಿತ್ತು. ಆ ಹೊತ್ತಿಗೆ ಮಾತ್ರ ಹೊಳೆಯಲಿಲ್ಲ.

ಜನರ ನಡುವಿನಿಂದ ಯಾರೋ ಪಿಸುದನಿಯಲ್ಲಿ ಕೇಳಿದರು, “ಎಲ್ಲುಂಟು?”

ಸ್ವಿಚ್ಚು ಎಲ್ಲಿದೆ ಎಂದು ಕೇಳುತ್ತಿದ್ದಾರೆಂದು ತಿಳಿದು ನಾನು ಕೂಗಿದೆ, “ಹಿಂದೆ! ಹಿಂದೆ ಇದೆ!”

ಹಿಂದೆ ಇದ್ದದ್ದು ಕಾಫಿ ತೋಟ.

“ಒಂಟಿಯಾ?”

“ಮುಟ್ಬೇಡಿ! ಬಿಸಿಯಾಗಿದೆ!”

“ಮದ ಬಂದಿದ್ಯಂತೆ,” ಎಂದಿತು ಇನ್ನೊಂದು ದನಿ. ಮುಂದಿನ ಕ್ಷಣ ಟಾರ್ಚುಗಳೆಲ್ಲ ಆರಿದವು, ಜೀಪುಗಳ ದೀಪ ಆರಿತು. ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಆನೆಯ ದಾರಿ ದಾಟುವ ಲೈನಿನ ಹೆಂಗಸರು ಬುದ್ಧಿವಂತರು, ಹಗ್ಗ ಬಿಟ್ಟು ಓಡಿದರು. ನಮ್ಮ ತಂಡದ ಎಂಟೂ ಜನ ಧೊಪ್ಪನೆ ಒಬ್ಬರ ಮೇಲೊಬ್ಬರು ಹಿಂದಕ್ಕೆ ಬಿದ್ದರು. ಕತ್ತಲಲ್ಲಿ ಏನೂ ಕಾಣಿಸದು. ಕಾಣಿಸಿದ್ದು ಒಂದೇ, ನೆಲದ ಹತ್ತಿರ ಮಿಣಿಮಿಣಿ ಎನ್ನುವ ಒಂದು ಕೆಂಪು ಚುಕ್ಕೆ.

“ಅಲ್ನೋಡಿ, ಕಣ್ಣು,” ಎಂದರು ಯಾರೋ.

“ಒಂದೇ ಕಣ್ಣಿದೆಯಲ್ಲ?”

“ಕುರುಡಾನೆ ಇರ್ಬೇಕು. ಅದಕ್ಕೇ ಸಿಟ್ಟು.”

ಆ ಕಣ್ಣಿನ ಜಾಗದಿಂದ ಪುಷ್ಪಳ ದನಿ ಬಂತು, “ಆನೆಯೂ ಇಲ್ಲ, ಎಂಥದ್ದೂ ಇಲ್ಲ. ನಮ್ಮೆಜಮಾನ್ರು. ಲೈಟ್ ಹಾಕಿ.”

ದೀಪಗಳು ಹತ್ತಿದವು. ನಾನು ಮೈದಾನದ ನಟ್ಟನಡುವೆ ಒಬ್ಬನೇ ನಿಂತಿದ್ದೆ. ಅಡಗಿಕೊಳ್ಳಲು ಒಂದು ಆನೆಯಾದರೂ ಇದ್ದಿದ್ದರೆ ಎನಿಸಿತು. ಪುಷ್ಪ ಎದ್ದು, ಸೀರೆಯೊಳಗೆ ಕೈ ಹಾಕಿ, ಬಟ್ಟೆಯೊಳಗಿಂದ ಮಿಣುಕುತ್ತಿದ್ದ ಕೆಂಪು ಬಲ್ಬಿನ ಸಮೇತ ಬೆಲ್ಟನ್ನು ಕಿತ್ತು ನನ್ನ ಕೈಗಿಟ್ಟಳು. ಅದು ಈಗತಾನೆ ಇಳಿಸಿದ ಕಾವಲಿಯಷ್ಟು ಬಿಸಿಯಿತ್ತು. ದಪ್ಪ ಲಂಗದಿಂದಾಗಿ ಅವಳ ಮೈಗೆ ಏನೂ ಆಗಿರಲಿಲ್ಲ, ನಿರಿಗೆಯ ಮೇಲೆ ಮಾತ್ರ ಕಂದು ಬಣ್ಣದ ಹಾವಿನ ಗುರುತು ಮೂಡಿತ್ತು.

“ವಿಜ್ಞಾನಕ್ಕೆ ಹಿಂದೆ ಮುಂದೆ ಇಲ್ಲ ಅಂದ್ರಲ್ಲಾ,” ಎಂದಳು ಮೆಲ್ಲಗೆ.

ನನಗೆ ನಿಜವಾಗಿ ಅಳು ಬಂತು. ಹೋದ ವರ್ಷ ಅವಳ ಸೊಂಟ ಸೋಲಿಸಿತ್ತು. ಈ ವರ್ಷ ಅವಳ ಗಂಡ ಸೋಲಿಸಿದ್ದ. ಲೀಲಕ್ಕ ಆಗಲೇ ರೀಟಾಳನ್ನು ಕರೆಯುತ್ತಿದ್ದರು. ಈಗೇನು ಮಾಡುವುದೆಂದು ಪಿ.ಟಿ. ಮಾಸ್ಟರು ಎರಡೂ ತಂಡದವರನ್ನು ಕೇಳಿದರು. ಲೈನಿನ ತಂಡದ ಹಿರಿಯ ಹೆಂಗಸು ನಗು ತಡೆಯಲಾರದೆ, “ಆನೆಗೆ ಹೆದ್ರಿ ಬಿಟ್ಟಿದ್ದು, ಇವರಿಗೆ ಹೆದ್ರಿ ಅಲ್ಲ. ಮತ್ತೆ ಎಳಿಯೋಣ,” ಎಂದಳು.

“ರೀಟಾ, ಕೊನೆಗೆ ಹೋಗು,” ಎಂದರು ಲೀಲಕ್ಕ.

“ಕೊನೆಗೆ ನಾನೇ ನಿಲ್ಲೋದು,” ಎಂದಳು ಪುಷ್ಪ. ದನಿ ಏರಿಸಲಿಲ್ಲ. ಲೀಲಕ್ಕ ಅವಳ ಮುಖ ನೋಡಿ, ಬದಿಗೆ ಸರಿ ಎಂದು ರೀಟಾಳಿಗೆ ಸನ್ನೆ ಮಾಡಿದರು.

ನಾನು ಸದ್ದಿಲ್ಲದೆ ಗೇಟಿನ ಕಡೆ ಹೊರಟೆ.

“ರೀ, ಎಲ್ಲಿಗೆ? ಎಲ್ಲೂ ಹೋಗ್ಬೇಡಿ. ಅಲ್ಲಿ, ಅವರ ಟೀಮಿನ ಹಿಂದೆ ನಿಂತ್ಕೊಳ್ಳಿ. ನಂಗೆ ಕಾಣೋ ಹಾಗೆ. ಬೆಲ್ಟ್ ಕೈಯಲ್ಲೇ ಇರಲಿ. ಬಾಯಿ ಬಿಡ್ಬೇಡಿ.”

ಹೇಳಿದ ಜಾಗದಲ್ಲಿ, ಆರುತ್ತಿರುವ ಬೆಲ್ಟು ಹಿಡಿದು, ಶಾಲೆಯ ಹುಡುಗನ ಹಾಗೆ ನಿಂತೆ. ಸೀಟಿ ಊದಿದರು. ಪುಷ್ಪ ಹಗ್ಗ ನೋಡಲಿಲ್ಲ, ಎದುರಾಳಿಗಳನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತ ಒಂದು ಹೆಜ್ಜೆ ಹಿಂದಿಟ್ಟಳು. ಮತ್ತೆ ಬೆಲ್ಟಿನ ಕಡೆ ಕಣ್ಣು ಹಾಯಿಸಿ ಇನ್ನೊಂದು ಹೆಜ್ಜೆ. ಗೋಡೆಯ ಮೇಲಿನ ಇಂಗಾಲ ನೆನಪಾಯಿತೋ ಏನೋ, ಒಟ್ಟಿಗೆ ಎರಡು ಹೆಜ್ಜೆ. ಲೈನಿನ ತಂಡ ಕೆಸರಿನಲ್ಲಿ ಜಾರುತ್ತ ಗೆರೆ ದಾಟಿ ಬಂತು. ಸೊಂಟ ಹಿಡಿಯಲಿಲ್ಲ. ನಮ್ಮವರು ಗೆದ್ದರು.

ಬಹುಮಾನ ಕೊಡುವಾಗ ಮೈಕು ಹಿಡಿದವರು ಗೆಲುವಿನ ಗುಟ್ಟೇನು ಎಂದು ಕೇಳಿದರು. ಪುಷ್ಪ, “ಸೊಂಟ ಬೆಚ್ಚಗಿರ್ಬೇಕು ಅಂದಿದ್ರು ಡಾಕ್ಟರು. ಇವರ ಮುಖ ನೋಡಿದ್ರೆ ಸಾಕು, ಮೈಯೆಲ್ಲ ಬಿಸಿ ಆಗುತ್ತೆ,” ಎಂದಳು. ಲೌಡ್‌ಸ್ಪೀಕರು ಚೆಟ್ಟಳ್ಳಿಯವರೆಗೂ ಕೇಳಿಸುವಂಥದ್ದು.

ಅಂದಿನಿಂದ ನಾನು ಬ್ಯಾಟರಿ ವಸಂತ. ಬೆಲ್ಟಿನಿಂದ ಶೆಲ್ಲು, ತಂತಿ ಎಲ್ಲ ಕಿತ್ತು, ಉಳಿದ ಎಲಾಸ್ಟಿಕ್ಕನ್ನು ಪುಷ್ಪ ಲಂಗಕ್ಕೆ ಹಾಕಿಕೊಂಡಿದ್ದಾಳೆ. ಚೆನ್ನಾಗಿ ಹಿಗ್ಗುತ್ತದಂತೆ. ಮುಂದಿನ ವರ್ಷದ ಪಂದ್ಯಕ್ಕೆ ಲೀಲಕ್ಕ ನನ್ನ ಜಾಗವನ್ನೂ ಗೊತ್ತು ಮಾಡಿದ್ದಾರೆ, ಎದುರು ತಂಡದ ಹಿಂದೆ, ಬಾಯಿ ಮುಚ್ಚಿಕೊಂಡು. ಎಷ್ಟು ಎಳೆದರೂ ಹರಿಯದ, ವರ್ಷಗಟ್ಟಲೆ ಶಕ್ತಿ ಕೂಡಿಟ್ಟುಕೊಳ್ಳುವ, ಬೇಕಾದಾಗ ಬಿಸಿಯಾಗುವ ಬ್ಯಾಟರಿಗಾಗಿ ವಿಜ್ಞಾನಿಗಳು ಇನ್ನೂ ಹುಡುಕುತ್ತಿದ್ದಾರೆ ಎಂದು ಮೊನ್ನೆ ಮತ್ತೆ ಓದಿದೆ. ನಮ್ಮ ಮನೆಯಲ್ಲಿ ಅದು ಮೊದಲಿನಿಂದಲೂ ಇದೆ. ಮದುವೆಯಾದ ದಿನದಿಂದ ಅದನ್ನು ಚಾರ್ಜ್ ಮಾಡುತ್ತ ಬಂದವನು ನಾನೇ.